ಕಾವಲುಗಾರನ ಕಹಳೆ: ಜನರಲ್ ತಿಮ್ಮಯ್ಯನವರ ಪ್ರತಿಭಟನೆ, ಒಂದು ಅಧ್ಯಯನ

ಚಿತ್ರದುರ್ಗದ ಸೀಮೆಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಒನಕೆ ಓಬವ್ವೆಯ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಜವನಗೊಂಡನಹಳ್ಳಿಯಂಥ ಊರುಗಳಲ್ಲಿ ಅದು ಶಾಲೆಯ ಪಾಠವಾಗುವುದಕ್ಕೆ ಮೊದಲೇ ಮನೆಯ ಜಗುಲಿಯ ಮೇಲೆ ಕೇಳಿದ ಕಥೆಯಾಗಿರುತ್ತದೆ. ಕೋಟೆಯ ಕಿಂಡಿಯಿಂದ ನುಸುಳಿಬಂದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದು ಕೆಡವಿದ ಆ ವೀರವನಿತೆಯನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಆ ಕಥೆಯಲ್ಲಿ ಒನಕೆಯ ಜೊತೆಗೆ ಇನ್ನೊಂದು ವಸ್ತುವೂ ಉಂಟು. ಅದು ಆಕೆಯ ಪತಿ, ಕಾವಲುಗಾರ ಮುದ್ದಹನುಮನ ಕಹಳೆ. ಊಟ ಮುಗಿಸಿ ಹಿಂತಿರುಗಿದ ಅವನು ಕಹಳೆಯನ್ನು ಊದಿದ ಮೇಲೆಯೇ ಕೋಟೆಯ ದಂಡು ಎಚ್ಚೆತ್ತಿತೆಂದು ಕಥೆ ಹೇಳುತ್ತದೆ.

ಕಾವಲುಗಾರನ ಧರ್ಮ ಎರಡು ಬಗೆಯದು. ಶತ್ರು ಎದುರಾದಾಗ ಹೋರಾಡುವುದು ಒಂದು. ಶತ್ರು ಬರುವ ಮುನ್ನವೇ ಅಪಾಯವನ್ನು ಒಡೆಯನಿಗೆ ತಿಳಿಸುವುದು ಇನ್ನೊಂದು. ಮೊದಲನೆಯ ಧರ್ಮವನ್ನು ಪಾಲಿಸಿದವರಿಗೆ ಪದಕ ದೊರೆಯುತ್ತದೆ, ಹಾಡು ಕಟ್ಟುತ್ತಾರೆ. ಎರಡನೆಯದನ್ನು ಪಾಲಿಸಿದವರ ಪಾಡು ಹಾಗಲ್ಲ. ಕಹಳೆ ಊದಿದರೂ ಒಡೆಯನು ಏಳದಿದ್ದರೆ, ಎದ್ದವನು ಊದಿದವನ ಮೇಲೆಯೇ ಮುನಿದರೆ, ಕಾವಲುಗಾರನು ಏನು ಮಾಡಬೇಕು? ಈ ಪ್ರಶ್ನೆ ಕನ್ನಡನಾಡಿನಲ್ಲಿ ಜನಿಸಿದ ಒಬ್ಬ ಮಹಾಸೇನಾನಿಯ ಬಾಳಿನಲ್ಲಿ, 1959ರಿಂದ 1962ರವರೆಗಿನ ಮೂರು ವರ್ಷಗಳ ಅವಧಿಯಲ್ಲಿ, ಅತ್ಯಂತ ತೀವ್ರವಾಗಿ ಎದ್ದುನಿಂತಿತು. ಆ ಸೇನಾನಿಯೇ ಕೊಡಗಿನ ಜನರಲ್ ಕೋದಂಡೇರ ಸುಬ್ಬಯ್ಯ ತಿಮ್ಮಯ್ಯನವರು.

ಮಡಿಕೇರಿಯಿಂದ ಸೇನೆಯ ಶಿಖರಕ್ಕೆ

ತಿಮ್ಮಯ್ಯನವರು 1906ರ ಮಾರ್ಚ್ ತಿಂಗಳಲ್ಲಿ ಮಡಿಕೇರಿಯಲ್ಲಿ ಜನಿಸಿದರು. ಕೂನೂರು ಮತ್ತು ಬೆಂಗಳೂರುಗಳಲ್ಲಿ ಶಾಲಾ ವಿದ್ಯಾಭ್ಯಾಸ, ಅನಂತರ ಡೆಹರಾಡೂನಿನ ಸೈನಿಕ ವಿದ್ಯಾಲಯ, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಸೇನೆಯ ಅಧಿಕಾರಿಯಾಗಿ ನೇಮಕ. ಅಂದು ಭಾರತೀಯನೊಬ್ಬನು ಬ್ರಿಟಿಷ್ ಸರ್ಕಾರದ ಸೇನೆಯಲ್ಲಿ ಅಧಿಕಾರಿಯಾಗಿರುವುದೇ ಒಂದು ಧರ್ಮಸಂಕಟವಾಗಿತ್ತು. ದೇಶವೆಲ್ಲ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿರುವಾಗ ಪರಕೀಯರ ಸಮವಸ್ತ್ರವನ್ನು ಧರಿಸಿರುವುದು ಸರಿಯೆ ಎಂಬ ಚಿಂತೆ ಅವರನ್ನು ಕಾಡಿತು. ಅಲಹಾಬಾದಿನಲ್ಲಿದ್ದಾಗ ಅವರು ಈ ಸಂದೇಹವನ್ನು ಪಂಡಿತ ಮೋತಿಲಾಲ್ ನೆಹರೂ ಅವರ ಮುಂದಿಟ್ಟರೆಂದೂ, ನಾಳೆ ಸ್ವತಂತ್ರ ಭಾರತಕ್ಕೆ ಸೇನೆಯನ್ನು ಬಲ್ಲವರು ಬೇಕಾಗುತ್ತಾರೆ, ಆದಕಾರಣ ಕೆಲಸ ಬಿಡಬಾರದೆಂದು ಆ ಹಿರಿಯರು ಬುದ್ಧಿ ಹೇಳಿದರೆಂದೂ ಅವರ ಜೀವನಚರಿತ್ರೆಯಿಂದ ತಿಳಿದುಬರುತ್ತದೆ. ರಾಜೀನಾಮೆ ಕೊಡಬೇಕೆ, ಒಳಗಿದ್ದೇ ದುಡಿಯಬೇಕೆ ಎಂಬ ಪ್ರಶ್ನೆ ಹೀಗೆ ತಾರುಣ್ಯದಲ್ಲಿಯೇ ಅವರ ಬೆನ್ನು ಹತ್ತಿತ್ತು.

ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಕಾನ್ ರಣರಂಗದಲ್ಲಿ ಅವರು ಹೈದರಾಬಾದ್ ರೆಜಿಮೆಂಟಿನ ಪಡೆಯನ್ನು ನಡೆಸಿ ಡಿ.ಎಸ್.ಓ. ಪದಕವನ್ನು ಪಡೆದರು, ಆ ಯುದ್ಧದ ರಣರಂಗದಲ್ಲಿ ಒಂದು ಬ್ರಿಗೇಡಿನ ನಾಯಕತ್ವ ವಹಿಸಿದ ಏಕೈಕ ಭಾರತೀಯರೆಂಬ ಹೆಗ್ಗಳಿಕೆ ಅವರದಾಯಿತು. ಅವರ ಅಣ್ಣನಾದರೋ ನೇತಾಜಿಯವರ ಆಜಾದ್ ಹಿಂದ್ ಫೌಜನ್ನು ಸೇರಿದ್ದರು. ಒಂದೇ ಮನೆಯ ಇಬ್ಬರು ಮಕ್ಕಳು ದೇಶಭಕ್ತಿಯ ಎರಡು ಬೇರೆ ದಾರಿಗಳನ್ನು ಹಿಡಿದರು.

ಸ್ವಾತಂತ್ರ್ಯಾನಂತರ ಕಾಶ್ಮೀರದ ಯುದ್ಧದಲ್ಲಿ ತಿಮ್ಮಯ್ಯನವರ ಸಾಹಸ ಎಲ್ಲರಿಗೂ ತಿಳಿಯಿತು. 1948ರ ಮೇ ತಿಂಗಳಲ್ಲಿ ವಿಮಾನ ಇಳಿಯಲು ತಕ್ಕ ನೆಲೆಯೇ ಇಲ್ಲವೆನ್ನಬಹುದಾದ ಲೇಹ್‌ನಲ್ಲಿ ಏರ್ ಕಮೋಡೋರ್ ಮೆಹರ್ ಸಿಂಗರು ತಮ್ಮ ಡಕೋಟಾವನ್ನು ಇಳಿಸಿದಾಗ ಅದರಲ್ಲಿ ತಿಮ್ಮಯ್ಯನವರೂ ಇದ್ದರು. ಅದೇ ವರ್ಷದ ನವೆಂಬರ್ 1ರಂದು ಸಮುದ್ರಮಟ್ಟದಿಂದ 11,000 ಅಡಿಗೂ ಎತ್ತರದ ಝೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಶತ್ರುವನ್ನು ಬೆಚ್ಚಿಬೀಳಿಸಿದ ಕಾರ್ಯಾಚರಣೆ ಅವರ ನೇತೃತ್ವದ್ದು. 1953–54ರಲ್ಲಿ ಕೊರಿಯಾದ ಯುದ್ಧಕೈದಿಗಳ ಪ್ರಶ್ನೆಯನ್ನು ಬಗೆಹರಿಸಲು ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರು ಅಧ್ಯಕ್ಷರಾದರು. ಕೊಡಗು ವಿಶಾಲ ಮೈಸೂರು ರಾಜ್ಯದಲ್ಲಿ ವಿಲೀನವಾದುದು 1956ರ ನವೆಂಬರ್ 1ರಂದು. ಅದಾದ ಆರು ತಿಂಗಳಿಗೆ, 1957ರ ಮೇ ತಿಂಗಳಲ್ಲಿ, ಕೊಡಗಿನ ಈ ವೀರರು ಭಾರತದ ಭೂಸೇನೆಯ ಮುಖ್ಯಸ್ಥರಾದರು.

1959ರ ರಾಜೀನಾಮೆ

ತಿಮ್ಮಯ್ಯನವರು ಅಧಿಕಾರ ವಹಿಸಿಕೊಳ್ಳುವುದಕ್ಕೆ ಕೆಲವೇ ವಾರಗಳ ಹಿಂದೆ ಶ್ರೀ ವಿ. ಕೆ. ಕೃಷ್ಣಮೆನನ್ನರು ರಕ್ಷಣಾ ಮಂತ್ರಿಗಳಾಗಿದ್ದರು. ಮೆನನ್ನರು ಅಸಾಧಾರಣ ಮೇಧಾವಿಗಳು. ದೇಶದೊಳಗೇ ಯುದ್ಧಸಾಮಗ್ರಿಯನ್ನು ತಯಾರಿಸಬೇಕೆಂಬ ಅವರ ದೂರದೃಷ್ಟಿ ಮೆಚ್ಚತಕ್ಕದ್ದು. ಆದರೆ ಮಂತ್ರಿಗಳಿಗೂ ಸೇನಾ ಮುಖ್ಯಸ್ಥರಿಗೂ ಹೊಂದಾಣಿಕೆಯಾಗಲಿಲ್ಲ. ಹಿರಿಯ ಅಧಿಕಾರಿಗಳ ಬಡ್ತಿಯ ವಿಷಯದಲ್ಲಿ, ಅದರಲ್ಲಿಯೂ ಮೇಜರ್ ಜನರಲ್ ಬಿ. ಎಂ. ಕೌಲರನ್ನು ಲೆಫ್ಟಿನೆಂಟ್ ಜನರಲ್ ಪದವಿಗೆ ಏರಿಸಿದ ವಿಷಯದಲ್ಲಿ, ಸೇನಾ ಮುಖ್ಯಸ್ಥರ ಅಭಿಪ್ರಾಯಕ್ಕೆ ಬೆಲೆ ದೊರೆಯಲಿಲ್ಲವೆಂಬ ಅಸಮಾಧಾನ ಬೆಳೆಯಿತು. ಅಪಾಯ ಬರುವುದಾದರೆ ಅದು ಪಾಕಿಸ್ತಾನದಿಂದ ಎಂಬುದು ಮೆನನ್ನರ ದೃಢ ನಂಬಿಕೆ. ಉತ್ತರದ ಗಡಿಯಲ್ಲಿ ಚೀನಾದ ಚಲನವಲನಗಳಾದರೋ ದಿನದಿನಕ್ಕೂ ಹೆಚ್ಚುತ್ತಿದ್ದುವು. 1959ರ ಆಗಸ್ಟ್ 25ರಂದು ಈಶಾನ್ಯ ಗಡಿಯ ಲೋಂಗ್ಜು ಠಾಣೆಯ ಮೇಲೆ ಚೀನೀ ಪಡೆ ಗುಂಡು ಹಾರಿಸಿತು.

ಆ ವಾರದಲ್ಲಿಯೇ ತಿಮ್ಮಯ್ಯನವರು ಪ್ರಧಾನಮಂತ್ರಿಗಳನ್ನು ಕಂಡು ತಮ್ಮ ಕಷ್ಟವನ್ನು ನಿವೇದಿಸಿಕೊಂಡರು. ನೆಹರೂ ಅವರು ಅದನ್ನು ಮೆನನ್ನರಿಗೆ ತಿಳಿಸಿದರು. ತಮ್ಮನ್ನು ದಾಟಿ ಪ್ರಧಾನಿಯವರ ಬಳಿಗೆ ಹೋದುದಕ್ಕಾಗಿ ಮೆನನ್ನರು ತಿಮ್ಮಯ್ಯನವರನ್ನು ಕರೆಸಿ ಆಕ್ಷೇಪಿಸಿದರು. ಆಗಸ್ಟ್ 31ರಂದು ತಿಮ್ಮಯ್ಯನವರು ರಾಜೀನಾಮೆಯ ಪತ್ರವನ್ನು ಪ್ರಧಾನಿಗಳಿಗೆ ಕಳುಹಿಸಿದರು. ಈಗಿನ ರಕ್ಷಣಾ ಮಂತ್ರಿಗಳ ಕೈಕೆಳಗೆ ತಮ್ಮ ಹೊಣೆಯನ್ನು ನಿರ್ವಹಿಸುವುದು ಸಾಧ್ಯವಿಲ್ಲವೆಂಬುದೇ ಅದರ ಸಾರ. ಅಂದೇ ನೆಹರೂ ಅವರು ಅವರನ್ನು ಕರೆಸಿಕೊಂಡು, ದೇಶದ ಗಡಿಯಲ್ಲಿ ಬಿಕ್ಕಟ್ಟು ಒದಗಿರುವ ಹೊತ್ತಿನಲ್ಲಿ ಹೀಗೆ ಮಾಡುವುದು ತರವಲ್ಲವೆಂದು ಒಲಿಸಿದರು. ತಿಮ್ಮಯ್ಯನವರು ಒಪ್ಪಿ ರಾಜೀನಾಮೆಯನ್ನು ಹಿಂತೆಗೆದುಕೊಂಡರು.

ಆದರೆ ಸುದ್ದಿ ಹೊರಗೆ ಹಬ್ಬಿಹೋಗಿತ್ತು. ಮರುದಿನದ ಪತ್ರಿಕೆಯಲ್ಲಿ ಅದನ್ನು ಓದಿದ ದೇಶ ತಲ್ಲಣಿಸಿತು. ಪಾಕಿಸ್ತಾನದಲ್ಲಿ ಸೇನೆಯ ಬಲದಿಂದ ಅಧಿಕಾರ ಹಿಡಿದಿದ್ದ ಜನರಲ್ ಅಯೂಬ್ ಖಾನರು ದೆಹಲಿಯ ಪಾಲಂ ವಿಮಾನ ನಿಲ್ದಾಣದಲ್ಲಿ ನೆಹರೂ ಅವರನ್ನು ಭೇಟಿಯಾದುದೂ ಅದೇ ಸೆಪ್ಟೆಂಬರ್ 1ರಂದು. ನೆರೆಯ ಬರ್ಮಾದಲ್ಲಿಯೂ ಹಿಂದಿನ ವರ್ಷವಷ್ಟೆ ಸೇನಾಪತಿಯ ಕೈಗೆ ಆಡಳಿತ ಹೋಗಿತ್ತು. ಸೆಪ್ಟೆಂಬರ್ 2ರಂದು ಪ್ರಧಾನಿಗಳು ಸಂಸತ್ತಿನಲ್ಲಿ ಹೇಳಿಕೆ ಕೊಟ್ಟು, ನಾಗರಿಕ ಸರ್ಕಾರದ ಅಧಿಕಾರವೇ ಪರಮೋಚ್ಚವೆಂದು ಸ್ಪಷ್ಟಪಡಿಸಿದರು. ಭಿನ್ನಾಭಿಪ್ರಾಯಗಳು ಬಹುಮಟ್ಟಿಗೆ ಸ್ವಭಾವಕ್ಕೆ ಸಂಬಂಧಿಸಿದ ಸಣ್ಣ ವಿಷಯಗಳೆಂದು ಹೇಳಿ, ರಾಜೀನಾಮೆ ಕೊಟ್ಟುದು ಸರಿಯಲ್ಲವೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದರು. ಮಾತಿಗೆ ಕಟ್ಟುಬಿದ್ದು ಪತ್ರವನ್ನು ಹಿಂದಕ್ಕೆ ಪಡೆದವರಿಗೆ ಸಭೆಯ ನಡುವೆ ದೊರೆತ ಪ್ರತಿಫಲ ಇದು. ಸಮವಸ್ತ್ರ ಧರಿಸಿದವರಿಗೆ ಸಂಸತ್ತಿನಲ್ಲಿ ನಿಂತು ಉತ್ತರಿಸುವ ಹಕ್ಕಿಲ್ಲ. ತಿಮ್ಮಯ್ಯನವರು ಮೌನವಾಗಿ ತಮ್ಮ ಕೆಲಸಕ್ಕೆ ಮರಳಿದರು.

ಎರಡು ಧರ್ಮಗಳ ನಡುವೆ

ತಿಮ್ಮಯ್ಯನವರು ರಾಜೀನಾಮೆಯನ್ನು ಹಿಂತೆಗೆದುಕೊಂಡುದು ಸರಿಯೆ? ಅಧ್ಯಾಪಕರು ತರಗತಿಯಲ್ಲಿ ಚರ್ಚೆಗೆ ಇಡಬಹುದಾದ ಪ್ರಶ್ನೆಯಿದು. ಒಂದೇ ಮಾತಿನಲ್ಲಿ ಉತ್ತರಿಸಿ ಮುಗಿಸುವಂಥದಲ್ಲ.

ನಮ್ಮ ಸಂವಿಧಾನದ 53ನೆಯ ಅನುಚ್ಛೇದ ರಕ್ಷಣಾ ಪಡೆಗಳ ಪರಮಾಧಿಕಾರವನ್ನು ರಾಷ್ಟ್ರಪತಿಗಳಲ್ಲಿ ಇರಿಸಿದೆ. ಅವರು ಅದನ್ನು ಮಂತ್ರಿಮಂಡಲದ ಸಲಹೆಯಂತೆ ಚಲಾಯಿಸುತ್ತಾರೆ. 33ನೆಯ ಅನುಚ್ಛೇದ ಸೈನಿಕರ ಮೂಲಭೂತ ಹಕ್ಕುಗಳನ್ನು ಮಿತಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. 1950ರ ಸೇನಾ ಕಾಯಿದೆ ಆ ಮಿತಿಗಳನ್ನು ವಿಧಿಸುತ್ತದೆ. ರೈತನಿಗೂ ಶಿಕ್ಷಕನಿಗೂ ಇರುವ ವಾಕ್‌ಸ್ವಾತಂತ್ರ್ಯ ಸೈನಿಕನಿಗೆ ಅದೇ ಪ್ರಮಾಣದಲ್ಲಿ ಇಲ್ಲ. ಕೈಯಲ್ಲಿ ಬಂದೂಕವುಳ್ಳವನು ಬಾಯಿಯ ಮೇಲೆ ಹಿಡಿತವಿಟ್ಟುಕೊಳ್ಳಬೇಕೆಂಬುದು ಈ ನಿಯಮದ ತಿರುಳು. ಸೇನಾಪತಿಗಳು ಸರ್ಕಾರವನ್ನು ಬೆದರಿಸಿದ ನಾಡುಗಳಲ್ಲಿ ಪ್ರಜೆಗಳು ಪಟ್ಟ ಪಾಡನ್ನು ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಪತ್ರವನ್ನು ಹಿಂತೆಗೆದುಕೊಳ್ಳುವುದರ ಮೂಲಕ ತಿಮ್ಮಯ್ಯನವರು ಈ ಧರ್ಮವನ್ನು ಪಾಲಿಸಿದರು. ತಮ್ಮ ಮಾನಕ್ಕಿಂತ ಪದ್ಧತಿಯ ಮಾನ ದೊಡ್ಡದೆಂದು ಬಗೆದರು.

ಆದರೆ ಇನ್ನೊಂದು ಪಕ್ಷವೂ ಉಂಟು. ರಾಜೀನಾಮೆ ಎಂಬುದು ದಂಗೆಯಲ್ಲ. ಅಧಿಕಾರವನ್ನು ಕಸಿದುಕೊಳ್ಳುವುದಲ್ಲ, ತನ್ನಲ್ಲಿರುವ ಅಧಿಕಾರವನ್ನು ಬಿಟ್ಟುಕೊಡುವುದು. ಸಲಹೆಯನ್ನು ಒಪ್ಪುವ, ಬಿಡುವ ಹಕ್ಕು ಸರ್ಕಾರಕ್ಕೆ ಇದೆ; ತಾನು ಒಪ್ಪದ ಕಾರ್ಯದ ಹೊಣೆಯನ್ನು ಹೊರಲಾರೆನೆಂದು ಕೆಳಗಿಳಿಯುವ ಹಕ್ಕು ಸೇನಾಪತಿಗೂ ಇದೆ. ಕೊಟ್ಟ ರಾಜೀನಾಮೆಯನ್ನು ಮರಳಿ ಪಡೆದ ಮೇಲೆ ಆ ಅಸ್ತ್ರ ಮೊಂಡಾಯಿತು. ಉಳಿದ ಇಪ್ಪತ್ತು ತಿಂಗಳ ಸೇವಾವಧಿಯಲ್ಲಿ ಅವರ ಮಾತಿಗೆ ಮೊದಲಿನ ತೂಕ ಉಳಿಯಲಿಲ್ಲ. ಅವರ ತರುವಾಯ ಬಂದ ಅಧಿಕಾರಿಗಳೂ ಇದರಿಂದ ಒಂದು ಪಾಠ ಕಲಿತಂತೆ ತೋರುತ್ತದೆ: ಮಂತ್ರಿಗಳಿಗೆ ಹಿಡಿಸದ ಮಾತನ್ನು ಆಡಿ ಸುಖವಿಲ್ಲ ಎಂಬ ಪಾಠ. ಆ ಪಾಠಕ್ಕೆ ದೇಶ ತೆತ್ತ ಬೆಲೆ ಮೂರು ವರ್ಷಗಳ ಬಳಿಕ ಗೊತ್ತಾಯಿತು.

ನಿವೃತ್ತಿಯ ನಂತರದ ನುಡಿ

ಉಳಿದ ಅವಧಿಯಲ್ಲಿ ಎಚ್ಚರಿಕೆಯ ಮಾತು ಪೂರ್ಣವಾಗಿ ನಿಂತಿರಲಿಲ್ಲ. 1959ರ ಅಕ್ಟೋಬರ್ 21ರಂದು ಲಡಾಖಿನ ಕೊಂಗ್ಕಾ ಕಣಿವೆಯ ಬಳಿ ನಮ್ಮ ಪೊಲೀಸರು ಚೀನೀಯರ ಗುಂಡಿಗೆ ಬಲಿಯಾದರು. ಆ ದಿನವನ್ನೇ ದೇಶಾದ್ಯಂತ ಪೊಲೀಸ್ ಹುತಾತ್ಮರ ದಿನವಾಗಿ ಆಚರಿಸಲಾಗುತ್ತದೆ. 1960ರ ಮಾರ್ಚಿಯಲ್ಲಿ ಪೂರ್ವ ವಿಭಾಗದ ಸೇನಾನಾಯಕರಾಗಿದ್ದ ಲೆಫ್ಟಿನೆಂಟ್ ಜನರಲ್ ಎಸ್. ಪಿ. ಪಿ. ಥೋರಾಟರು ಲಖನೌನಲ್ಲಿ ‘ಲಾಲ್ ಕಿಲಾ’ ಎಂಬ ಯುದ್ಧಾಭ್ಯಾಸವನ್ನು ನಡೆಸಿ, ಚೀನಾ ಈಶಾನ್ಯದಲ್ಲಿ ದಾಳಿ ಮಾಡಿದರೆ ಇರುವ ಬಲದಿಂದ ತಡೆಯುವುದು ಕಷ್ಟವೆಂದೂ, ಗಡಿಯ ಅಂಚಿನಲ್ಲಿ ಚದರಿ ನಿಲ್ಲುವುದಕ್ಕಿಂತ ಹಿಂದಿನ ಗಟ್ಟಿ ನೆಲೆಗಳಲ್ಲಿ ನಿಂತು ಹೋರಾಡಬೇಕೆಂದೂ ತೋರಿಸಿಕೊಟ್ಟರು. ಮಂತ್ರಿಗಳು ಇದನ್ನು ಅನಾವಶ್ಯಕ ಭೀತಿಯೆಂದು ತಳ್ಳಿಹಾಕಿದರು.

1961ರ ಮೇ ತಿಂಗಳಲ್ಲಿ ತಿಮ್ಮಯ್ಯನವರು ನಿವೃತ್ತರಾದರು. ಥೋರಾಟರೂ ಅದೇ ವರ್ಷ ನಿವೃತ್ತರಾದರು. ತಮ್ಮ ಯೋಧರನ್ನು ಚೀನೀ ಫಿರಂಗಿಗಳಿಗೆ ಆಹುತಿಯಾಗಲು ಬಿಟ್ಟುಹೋಗುತ್ತಿಲ್ಲವೆಂದು ಭಾವಿಸುವುದಾಗಿ ತಿಮ್ಮಯ್ಯನವರು ಬೀಳ್ಕೊಡುಗೆಯ ಸಂದರ್ಭದಲ್ಲಿ ಆಡಿದ ಮಾತನ್ನು ಬ್ರಿಗೇಡಿಯರ್ ಜಾನ್ ದಳ್ವಿಯವರು ಮುಂದೆ ದಾಖಲಿಸಿದ್ದಾರೆ. ಆರು ತಿಂಗಳೂ ಕಳೆಯಲಿಲ್ಲ. 1961ರ ನವೆಂಬರ್ 2ರಂದು ಪ್ರಧಾನಿಗಳ ಅಧ್ಯಕ್ಷತೆಯಲ್ಲಿ ನಡೆದ ಸಭೆ ಗಡಿಯುದ್ದಕ್ಕೂ ಮುಂದೆ ಮುಂದೆ ಠಾಣೆಗಳನ್ನು ಹಾಕುವ ನೀತಿಯನ್ನು ನಿರ್ಧರಿಸಿತು. ಇದೇ ‘ಮುನ್ನಡೆಯ ನೀತಿ’ ಎಂದು ಚರಿತ್ರೆಯಲ್ಲಿ ಹೆಸರಾಯಿತು. ಚೀನೀಯರು ಬಲಪ್ರಯೋಗ ಮಾಡಲಾರರೆಂಬ ಊಹೆಯೇ ಅದರ ತಳಹದಿ.

ಈಗ ತಿಮ್ಮಯ್ಯನವರ ಮೈಮೇಲೆ ಸಮವಸ್ತ್ರವಿರಲಿಲ್ಲ. ಕಾಯಿದೆಯ ಕಟ್ಟು ಸಡಿಲವಾಗಿತ್ತು. ದೆಹಲಿಯಿಂದ ಪ್ರಕಟವಾಗುವ ‘ಸೆಮಿನಾರ್’ ಎಂಬ ಇಂಗ್ಲಿಷ್ ಮಾಸಪತ್ರಿಕೆಯ 1962ರ ಜುಲೈ ಸಂಚಿಕೆಯಲ್ಲಿ ಅವರು ಒಂದು ಲೇಖನವನ್ನು ಬರೆದರು. ಪಾಕಿಸ್ತಾನದೊಡನೆ ಪೂರ್ಣ ಪ್ರಮಾಣದ ಯುದ್ಧವನ್ನು ಯೋಚಿಸಬಹುದಾದರೂ, ಚೀನಾದ ವಿಷಯದಲ್ಲಿ ಹಾಗೆ ಯೋಚಿಸುವುದು ಸಾಧ್ಯವಿಲ್ಲವೆಂದೂ, ಭಾರತ ಒಂಟಿಯಾಗಿ ಚೀನಾವನ್ನು ಬಹಿರಂಗ ಯುದ್ಧದಲ್ಲಿ ಎದುರಿಸುವುದನ್ನು ಸೈನಿಕನಾಗಿಯೂ ತಾವು ಊಹಿಸಲಾರೆವೆಂದೂ ಅವರು ನೇರವಾಗಿ ಹೇಳಿದರು. ಜನಬಲ, ಶಸ್ತ್ರ, ವಿಮಾನ ಇವುಗಳಲ್ಲಿ ಚೀನಾ ನಮಗಿಂತ ಎಷ್ಟೋ ಪಟ್ಟು ಮುಂದಿರುವುದರಿಂದ ದೇಶದ ಭದ್ರತೆಯನ್ನು ಕಾಪಾಡುವ ಹೊಣೆ ರಾಜಕಾರಣಿಗಳದೂ ರಾಯಭಾರಿಗಳದೂ ಆಗಬೇಕೆಂಬುದು ಅವರ ತೀರ್ಮಾನ.

ಈ ಲೇಖನದ ಸ್ವರೂಪವನ್ನು ಗಮನಿಸಬೇಕು. ಅದರಲ್ಲಿ ಬೈಗುಳವಿಲ್ಲ, ಹಳೆಯ ಅವಮಾನದ ಪ್ರಸ್ತಾಪವಿಲ್ಲ, ಯುದ್ಧೋನ್ಮಾದವೂ ಇಲ್ಲ. ಪದಕಗಳನ್ನು ಧರಿಸಿದ ವೀರನೊಬ್ಬ, ಇದು ನಮ್ಮ ಕೈಯಲ್ಲಾಗದು ಎಂದು ಸಾರ್ವಜನಿಕವಾಗಿ ಬರೆಯುವುದು ಎಷ್ಟು ಕಷ್ಟದ ಕೆಲಸ! ಹೇಡಿಯೆಂದು ಕರೆಸಿಕೊಳ್ಳುವ ಭಯವನ್ನು ಗೆದ್ದವನು ಮಾತ್ರ ಅದನ್ನು ಮಾಡಬಲ್ಲ. ಝೋಜಿಲಾಕ್ಕೆ ಟ್ಯಾಂಕುಗಳನ್ನು ಏರಿಸಿದ ಧೈರ್ಯಕ್ಕಿಂತ ಈ ಧೈರ್ಯ ಕಡಿಮೆಯದಲ್ಲ.

ಆಗಬಾರದ್ದು ಆದಾಗ

ಲೇಖನ ಪ್ರಕಟವಾದ ಮೂರು ತಿಂಗಳಿಗೆ ಯುದ್ಧ ಬಂದಿತು. ಸೆಪ್ಟೆಂಬರ್ 8ರಂದು ಚೀನೀಯರು ಈಶಾನ್ಯದ ಢೋಲಾ ಠಾಣೆಯ ಎದುರು ಬಂದು ನಿಂತರು. ಅವರನ್ನು ಥಗ್ಲಾ ಶಿಖರದಿಂದ ಹೊರದೂಡಬೇಕೆಂಬ ಆಜ್ಞೆ ದೆಹಲಿಯಿಂದ ಹೊರಟಿತು. ಆ ಭಾಗದ ಸೇನಾನಾಯಕರಾಗಿದ್ದ ಲೆಫ್ಟಿನೆಂಟ್ ಜನರಲ್ ಉಮ್ರಾವ್ ಸಿಂಗರು, ದಾರಿಯಿಲ್ಲದ ಆ ಎತ್ತರದಲ್ಲಿ ಆಹಾರ, ಬಟ್ಟೆ, ಮದ್ದುಗುಂಡುಗಳ ಸರಬರಾಜು ಇಲ್ಲದೆ ಇದು ಸಾಧ್ಯವಾಗದೆಂದು ಆಕ್ಷೇಪಿಸಿದರು. ಆಕ್ಷೇಪಣೆಯನ್ನು ಪರಿಶೀಲಿಸುವುದರ ಬದಲು ಆ ಗಡಿಯ ಹೊಣೆಯನ್ನೇ ಅವರಿಂದ ತೆಗೆದು, ಹೊಸದಾಗಿ ರಚಿಸಿದ ನಾಲ್ಕನೆಯ ಕೋರಿನ ಅಧಿಪತಿಯಾಗಿ ಜನರಲ್ ಕೌಲರನ್ನು ಕಳುಹಿಸಲಾಯಿತು. ಕಹಳೆ ಊದಿದವನ ಕೈಯಿಂದ ಕಹಳೆಯನ್ನೇ ಕಿತ್ತುಕೊಂಡಂತಾಯಿತು.

ಅಕ್ಟೋಬರ್ 20ರ ಬೆಳಗಿನ ಜಾವ ನಮ್ಕಾಚು ಹೊಳೆಯ ದಡದಲ್ಲಿ ಚೀನೀ ಸೇನೆ ಮೇಲೇರಿ ಬಂದಿತು. ಅಲ್ಲಿದ್ದ ಏಳನೆಯ ಬ್ರಿಗೇಡಿನ ಯೋಧರಲ್ಲಿ ಅನೇಕರಿಗೆ ಹಿಮಕ್ಕೆ ತಕ್ಕ ಉಡುಪಿರಲಿಲ್ಲ. ಗುಂಡುಗಳೂ ಎಣಿಸಿ ಕೊಡುವಷ್ಟೇ ಇದ್ದುವು. ಕೆಲವೇ ಗಂಟೆಗಳಲ್ಲಿ ಬ್ರಿಗೇಡು ನಾಶವಾಯಿತು. ಅದರ ನಾಯಕ ಬ್ರಿಗೇಡಿಯರ್ ದಳ್ವಿಯವರು ಸೆರೆಸಿಕ್ಕರು. ನವೆಂಬರ್ 21ರಂದು ಚೀನಾ ತಾನಾಗಿಯೇ ಕದನವಿರಾಮವನ್ನು ಸಾರುವ ವೇಳೆಗೆ ನಮ್ಮ ಕಡೆ 1,383 ಯೋಧರು ಮಡಿದಿದ್ದರು, ಸುಮಾರು 1,700 ಮಂದಿ ಕಾಣೆಯಾಗಿದ್ದರು, 3,900ಕ್ಕೂ ಹೆಚ್ಚು ಮಂದಿ ಶತ್ರುವಿನ ಸೆರೆಯಲ್ಲಿದ್ದರು. ಪ್ರತಿಯೊಂದು ಅಂಕಿಯ ಹಿಂದೆಯೂ ಒಂದು ಊರಿದೆ, ಅಂಚೆಯವನ ದಾರಿ ಕಾಯುವ ಒಬ್ಬ ತಾಯಿಯಿದ್ದಾಳೆ ಎಂಬುದನ್ನು ಚರಿತ್ರೆಯ ಪಾಠ ಹೇಳುವಾಗ ಮರೆಯಬಾರದು.

ಮೆನನ್ನರು ಮಂತ್ರಿಪದವಿಯನ್ನು ಬಿಡಬೇಕಾಯಿತು. ಸೇನಾ ಮುಖ್ಯಸ್ಥ ಜನರಲ್ ಥಾಪರರೂ, ಅನಂತರ ಕೌಲರೂ ನಿರ್ಗಮಿಸಿದರು. ಪ್ರಧಾನಿಗಳು ರಾಷ್ಟ್ರೀಯ ರಕ್ಷಣಾ ಮಂಡಳಿಯನ್ನು ರಚಿಸಿದಾಗ ಅದಕ್ಕೆ ತಿಮ್ಮಯ್ಯನವರನ್ನೂ ಥೋರಾಟರನ್ನೂ ಆಹ್ವಾನಿಸಲಾಯಿತು. ಇಬ್ಬರೂ ಹಿಂದಿನದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಹೋದರು.

ಸೆರೆಯಿಂದ ಬಿಡುಗಡೆಯಾಗಿ ಬಂದ ದಳ್ವಿಯವರೂ ನಿವೃತ್ತಿಯ ಬಳಿಕ ಲೇಖನಿ ಹಿಡಿದರು. 1969ರಲ್ಲಿ ಪ್ರಕಟವಾದ ಅವರ ‘ಹಿಮಾಲಯನ್ ಬ್ಲಂಡರ್’ ಯುದ್ಧವನ್ನು ನಡೆಸಿದ ರೀತಿಯನ್ನು ಒಳಗಿನಿಂದ ಕಂಡವರೊಬ್ಬರ ದೀರ್ಘ ಆಕ್ಷೇಪಣೆ. ರವಿ ಬೆಳಗೆರೆಯವರ ಅನುವಾದದ ಮೂಲಕ ಅದು ಕನ್ನಡದ ಓದುಗರಿಗೂ ಸುಪರಿಚಿತವಾಗಿದೆ.

ಹೊರನಾಡಿನ ಎರಡು ನಿದರ್ಶನಗಳು

ಯೋಧನ ಪ್ರತಿಭಟನೆ ನಮ್ಮ ದೇಶದಲ್ಲಿ ಮಾತ್ರ ನಡೆದುದಲ್ಲ. ತಿಮ್ಮಯ್ಯನವರ ದಾರಿಯ ವೈಶಿಷ್ಟ್ಯವನ್ನು ಅರಿಯಲು ಎರಡು ನಿದರ್ಶನಗಳನ್ನು ಹೋಲಿಸಿ ನೋಡಬಹುದು.

ಮೊದಲನೆಯ ಮಹಾಯುದ್ಧದಲ್ಲಿ ಶೌರ್ಯಕ್ಕಾಗಿ ಮಿಲಿಟರಿ ಕ್ರಾಸ್ ಪದಕ ಪಡೆದಿದ್ದ ಇಂಗ್ಲಿಷ್ ಕವಿ ಸೀಗ್‌ಫ್ರೀಡ್ ಸಸೂನನು 1917ರಲ್ಲಿ ರಣರಂಗಕ್ಕೆ ಮರಳಲು ನಿರಾಕರಿಸಿ ಒಂದು ಹೇಳಿಕೆಯನ್ನು ಹೊರಡಿಸಿದನು. ರಕ್ಷಣೆಗಾಗಿ ಆರಂಭವಾದ ಯುದ್ಧ ಆಕ್ರಮಣದ ಯುದ್ಧವಾಗಿ ಮಾರ್ಪಟ್ಟಿದೆ, ನಿಲ್ಲಿಸಬಲ್ಲವರೇ ಅದನ್ನು ಬೇಕೆಂದು ಬೆಳೆಸುತ್ತಿದ್ದಾರೆ ಎಂಬುದು ಅವನ ಆರೋಪ. ಆ ಹೇಳಿಕೆಯನ್ನು ಜುಲೈ 30ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಓದಲಾಯಿತು. ಸರ್ಕಾರ ಅವನನ್ನು ಸೈನಿಕ ನ್ಯಾಯಾಲಯಕ್ಕೆ ಎಳೆಯಲಿಲ್ಲ. ನರದೌರ್ಬಲ್ಯದ ರೋಗಿಯೆಂದು ಸಾರಿ ಎಡಿನ್‌ಬರೋ ಬಳಿಯ ಆಸ್ಪತ್ರೆಗೆ ಕಳುಹಿಸಿತು. ಅವನ ಪ್ರಶ್ನೆಗೆ ಉತ್ತರ ಕೊಡುವುದರಿಂದ ಸರ್ಕಾರ ಹೀಗೆ ಪಾರಾಯಿತು.

ಎರಡನೆಯದು ಅಮೆರಿಕದ್ದು. ವಿಯೆಟ್ನಾಮ್ ಯುದ್ಧದಿಂದ ಹಿಂತಿರುಗಿದ ಯೋಧರ ಪರವಾಗಿ 1971ರ ಏಪ್ರಿಲ್ 22ರಂದು ಜಾನ್ ಕೆರ್ರಿ ಎಂಬ ತರುಣ ಸೆನೆಟ್ ಸಮಿತಿಯ ಮುಂದೆ ಯುದ್ಧವನ್ನು ಖಂಡಿಸಿ ಸಾಕ್ಷ್ಯ ನುಡಿದನು. ಮರುದಿನ ನೂರಾರು ಮಾಜಿ ಯೋಧರು ತಮ್ಮ ಪದಕಗಳನ್ನು ಸಂಸತ್ ಭವನದ ಮೆಟ್ಟಿಲುಗಳ ಕಡೆಗೆ ಎಸೆದುಬಿಟ್ಟರು. ಅಲ್ಲಿ ಜನಪ್ರತಿನಿಧಿಗಳ ಸಮಿತಿಯೇ ಮಾಜಿ ಯೋಧನನ್ನು ಕರೆದು ಕೂರಿಸಿ ಅವನ ಮಾತನ್ನು ಆಲಿಸಿತೆಂಬುದು ಗಮನಾರ್ಹ.

ಸಸೂನನು ಸೇವೆಯಲ್ಲಿದ್ದೇ ಆಜ್ಞೆಯನ್ನು ಧಿಕ್ಕರಿಸಿದನು. ಅಮೆರಿಕದ ಯೋಧರು ಸೇವೆಯಿಂದ ಹೊರಬಂದು ಬೀದಿಗಿಳಿದರು. ತಿಮ್ಮಯ್ಯನವರು ಈ ಎರಡನ್ನೂ ಮಾಡಲಿಲ್ಲ. ಸೇವೆಯಲ್ಲಿದ್ದಾಗ ಒಳಗೆ ಹೇಳಿದರು, ಪದವಿಯನ್ನು ತ್ಯಜಿಸಲು ಹೊರಟರು, ತಡೆದಾಗ ವಿಧೇಯರಾದರು. ನಿವೃತ್ತರಾದ ಮೇಲೆ ವಿಚಾರವಂತರು ಓದುವ ಪತ್ರಿಕೆಯಲ್ಲಿ ತಮ್ಮ ತಿಳಿವನ್ನು ದೇಶದ ಮುಂದಿಟ್ಟರು. ಯುದ್ಧವೇ ಅಧರ್ಮವೆಂಬುದು ಅವರ ವಾದವಾಗಿರಲಿಲ್ಲ. ಸಿದ್ಧತೆಯಿಲ್ಲದೆ ಯೋಧರನ್ನು ಸಾವಿಗೆ ದೂಡುವುದು ಅಧರ್ಮವೆಂಬುದೇ ಅವರ ಆತಂಕವಾಗಿತ್ತು.

ಹೊಣೆಯ ಹಂಚಿಕೆ

ವ್ಯಕ್ತಿಯನ್ನು ಮೆಚ್ಚುವಾಗ ವಿವೇಚನೆಯನ್ನು ಬಿಡಬಾರದು. 1962ರ ಸೋಲಿಗೆ ಮಂತ್ರಿಗಳೊಬ್ಬರೇ ಕಾರಣರೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅದು ಪೂರ್ಣ ಸತ್ಯವಲ್ಲ. ನಾಲ್ಕು ವರ್ಷ ಸೇನೆಯ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರ ಅವಧಿಯಲ್ಲಿಯೂ ಪರ್ವತಯುದ್ಧದ ಸಿದ್ಧತೆಯ ಕೊರತೆಗಳು ನೀಗಲಿಲ್ಲ. ಹಣದ ಚೀಲ ಸರ್ಕಾರದ ಕೈಯಲ್ಲಿತ್ತೆಂಬುದು ನಿಜವಾದರೂ ಸೇನೆಯ ಒಳಗಿನ ಕುಂದುಗಳಿಗೆ ಸೇನೆಯೇ ಹೊಣೆ. ರಾಜೀನಾಮೆಗೆ ನಿಮಿತ್ತವಾದ ವಿಷಯಗಳಲ್ಲಿ ದೇಶದ ರಕ್ಷಣೆಯ ಜೊತೆಗೆ ಬಡ್ತಿಯ ಪ್ರಶ್ನೆಗಳೂ ವೈಯಕ್ತಿಕ ವೈಮನಸ್ಯವೂ ಬೆರೆತಿದ್ದುವೆಂಬುದನ್ನೂ ಅಲ್ಲಗಳೆಯಲಾಗದು. ಚೀನಾದ ಅಪಾಯವೊಂದನ್ನೇ ಮುಂದಿಟ್ಟು ರಾಜೀನಾಮೆ ಕೊಟ್ಟಿದ್ದರೆ ಸಂಸತ್ತು ಬೇರೆ ಕಿವಿಯಿಂದ ಕೇಳುತ್ತಿತ್ತೋ ಏನೋ.

ಸೋಲಿನ ಕಾರಣಗಳನ್ನು ಶೋಧಿಸಲು ಲೆಫ್ಟಿನೆಂಟ್ ಜನರಲ್ ಹೆಂಡರ್‌ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಪಿ. ಎಸ್. ಭಗತ್ ಅವರು ನೇಮಕಗೊಂಡು 1963ರಲ್ಲಿ ವರದಿ ಸಲ್ಲಿಸಿದರು. ಸರ್ಕಾರ ಅದನ್ನು ಅಧಿಕೃತವಾಗಿ ಪ್ರಕಟಿಸಲಿಲ್ಲ. ಅದರ ಒಂದು ಭಾಗವನ್ನು 2014ರಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ಲರು ಹೊರತಂದರು. ಮುನ್ನಡೆಯ ನೀತಿಯನ್ನು ಆಜ್ಞೆಯಾಗಿ ಮಾರ್ಪಡಿಸುವಾಗ ಠಾಣೆಗಳ ಹಿಂದೆ ಬಲವಾದ ಪಡೆಗಳು ನೆಲೆನಿಲ್ಲಬೇಕೆಂಬ ಅಂಶವನ್ನು ಸೇನಾ ಕೇಂದ್ರ ಕಚೇರಿಯೇ ಕೈಬಿಟ್ಟಿತೆಂಬ ಸಂಗತಿ ಅದರಿಂದ ತಿಳಿಯಿತು. ಮೇಲಿನವರು ಕೇಳಬಯಸದುದನ್ನು ಕೆಳಗಿನವರು ಹೇಳದೆ ಹೋದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆಕ್ಷೇಪಿಸಿದವರನ್ನು ಸರಿಸಿದ ಮೇಲೆ ಉಳಿಯುವವರು ತಲೆದೂಗುವವರು ಮಾತ್ರ.

ಉಪಸಂಹಾರ

1964ರಲ್ಲಿ ವಿಶ್ವಸಂಸ್ಥೆ ಸೈಪ್ರಸ್ ದ್ವೀಪದ ಶಾಂತಿಪಾಲನಾ ಪಡೆಗೆ ತಿಮ್ಮಯ್ಯನವರನ್ನು ಅಧಿಪತಿಯನ್ನಾಗಿ ನೇಮಿಸಿತು. ಗ್ರೀಕರೂ ತುರ್ಕರೂ ಕಾದಾಡುತ್ತಿದ್ದ ಆ ನಾಡಿನಲ್ಲಿ ಎರಡು ಕಡೆಯವರ ವಿಶ್ವಾಸವನ್ನೂ ಗಳಿಸಿ, 1965ರ ಡಿಸೆಂಬರ್ 18ರಂದು ಅಲ್ಲಿಯೇ, ಕರ್ತವ್ಯದಲ್ಲಿರುವಾಗಲೇ, ಅವರು ನಿಧನ ಹೊಂದಿದರು. ಸೈಪ್ರಸ್ ಸರ್ಕಾರ ಮರುವರ್ಷ ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರಡಿಸಿತು. ಬೆಂಗಳೂರಿನಲ್ಲಿ ಅವರ ಅಂತ್ಯಸಂಸ್ಕಾರ ನಡೆಯಿತು; ಅಲ್ಲಿನ ಒಂದು ಪ್ರಮುಖ ರಸ್ತೆಗೆ ಅವರ ಹೆಸರಿದೆ. ಮಡಿಕೇರಿಯಲ್ಲಿ ಅವರು ಬೆಳೆದ ‘ಸನ್ನಿ ಸೈಡ್’ ಮನೆ ಈಗ ಸ್ಮಾರಕ ವಸ್ತುಸಂಗ್ರಹಾಲಯವಾಗಿದೆ. ಅದನ್ನು 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ಶ್ರೀ ರಾಮನಾಥ ಕೋವಿಂದರು ಉದ್ಘಾಟಿಸಿದರು. ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ಅಧ್ಯಾಪಕರು ಅಲ್ಲಿ ಬಂದೂಕುಗಳನ್ನೂ ಟ್ಯಾಂಕನ್ನೂ ತೋರಿಸುವುದರ ಜೊತೆಗೆ, ಹಿಂದಕ್ಕೆ ಪಡೆದ ಆ ರಾಜೀನಾಮೆಯ ಕಥೆಯನ್ನೂ ಹೇಳಬೇಕು.

ಏಕೆಂದರೆ ಈ ಪಾಠ ಸೇನೆಗೆ ಮಾತ್ರ ಸಂಬಂಧಿಸಿದುದಲ್ಲ. ಶಾಲೆ, ಸಹಕಾರ ಸಂಘ, ಪಂಚಾಯಿತಿ, ಕಚೇರಿ, ಎಲ್ಲಿಯಾದರೂ ಹೊಣೆ ಹೊತ್ತವರಿಗೆ ಎರಡು ಕರ್ತವ್ಯಗಳಿವೆ. ಕೆಳಗಿರುವವರು ಕಂಡ ಸತ್ಯವನ್ನು ಕಾಲ ಮೀರುವ ಮೊದಲು, ಮೀರಬಾರದ ಗೆರೆಯನ್ನು ಮೀರದೆ, ಹೇಳಬೇಕು. ಮೇಲಿರುವವರು ಹಿಡಿಸದ ಮಾತನ್ನೂ ಕೇಳುವ ವ್ಯವಧಾನವನ್ನು ಬೆಳೆಸಿಕೊಳ್ಳಬೇಕು. ಮೊದಲನೆಯದಿಲ್ಲದಿದ್ದರೆ ವಿಧೇಯತೆ ಗುಲಾಮಗಿರಿಯಾಗುತ್ತದೆ. ಎರಡನೆಯದಿಲ್ಲದಿದ್ದರೆ ಅಧಿಕಾರ ಕುರುಡಾಗುತ್ತದೆ. ನುಡಿಗೂ ನಡೆಗೂ ಬಿರುಕಿರಬಾರದೆಂದು ಬಾಳಿದ ಶರಣರ ನಾಡಿನಲ್ಲಿ ಈ ಮಾತಿಗೆ ಹೆಚ್ಚಿನ ವ್ಯಾಖ್ಯಾನ ಬೇಕಾಗಿಲ್ಲ.

ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತ ಹುಡುಗನೊಬ್ಬ ಎದ್ದುನಿಂತು, ಕಪ್ಪುಹಲಗೆಯ ಮೇಲಿನ ಲೆಕ್ಕ ತಪ್ಪಾಗಿದೆಯೆಂದು ವಿನಯದಿಂದ ಹೇಳುತ್ತಾನೆ. ಗುರುಗಳು ಸಿಡುಕದೆ ಹಲಗೆಯತ್ತ ತಿರುಗಿ ನೋಡಿ, ಅವನು ಹೇಳಿದ್ದು ಸರಿಯಾದರೆ ಅಳಿಸಿ ತಿದ್ದುತ್ತಾರೆ. ಆ ಹುಡುಗ ಮುಂದೆ ಯಾವ ಕೋಟೆಯ ಕಾವಲಿಗೆ ನಿಂತರೂ ಕಹಳೆಯನ್ನು ಹೊತ್ತಿಗೆ ಸರಿಯಾಗಿ ಊದುತ್ತಾನೆ.